ಡಿಪೋ ಅಂಗಳದಲ್ಲಿ ಮೂರು ಸುತ್ತು

ನಮ್ಮ ಭಾವನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಹತ್ತೊಂಬತ್ತು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯನಿಗೆ ಇದೊಂದು ಕೊರತೆಯಿದೆ ಎಂದು ಡಿಪೋದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವರು ಅವಳಿಗೆ, ಹುಡುಗನಾಗಿದ್ದಾಗ ತಾನು ಸೈಕಲ್ ರೇಸಿನಲ್ಲಿ ಗೆದ್ದಿದ್ದೆ ಎಂದು ಹೇಳಿದ್ದರಂತೆ. ಹೊಸ ಹೆಂಡತಿಗೆ ಗಂಡಂದಿರು ಏನೇನೋ ಹೇಳುತ್ತಾರೆ. ಗೆದ್ದ ಕಪ್ ತೋರಿಸಿ ಎಂದು ಯಾರೂ ಕೇಳುವುದಿಲ್ಲ.

ನಾನು ಅವರ ಜೊತೆಗೇ ಇದ್ದೆ. ಮೂರನೆಯ ಮಹಡಿ, ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡುಗೆಮನೆ. ನನ್ನ ಕೆಲಸ ಕನ್ನಡಕದ ಗಾಜು ಉಜ್ಜುವ ವರ್ಕ್‌ಶಾಪಿನಲ್ಲಿ. ಬೆಳಿಗ್ಗೆಯೆಲ್ಲ ಗಾಜಿನ ಅಂಚು ಸವರಿ ಫ್ರೇಮಿಗೆ ಕೂರಿಸುವುದು, ಮಧ್ಯಾಹ್ನದ ಮೇಲೆ ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಅಂಗಡಿ ಅಂಗಡಿಗೆ ತಲುಪಿಸುವುದು. ನನ್ನ ಕಣ್ಣಿಗೂ ದಪ್ಪ ಗಾಜೇ. ಹಾಗಾಗಿ ಭಾವ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಸೋಡಾಬುಡ್ಡಿ ಎನ್ನುತ್ತಿದ್ದರು.

ರಸ್ತೆಯಲ್ಲಿ ಸೈಕಲ್ ಹೊಡೆಯುವವರಿಗೆ ಅವರು ಇಟ್ಟ ಹೆಸರು ಸೊಳ್ಳೆ.

"ಇವತ್ತು ಮಾರ್ಕೆಟ್ ತಿರುವಲ್ಲಿ ಒಂದು ಸೊಳ್ಳೆ ಸಿಕ್ತು. ಒರೆಸಿಬಿಟ್ಟೆ," ಎಂದು ತಟ್ಟೆಯ ಮುಂದೆ ಕೂತು ಹೇಳುವರು.

ಒರೆಸುವುದು ಡಿಪೋದ ಮಾತು. ಸೈಕಲ್ಲಿನ ಬೆನ್ನಿಗೆ ಅಂಟಿಕೊಂಡಂತೆ ಹೋಗಿ ಉದ್ದಕ್ಕೆ ಹಾರ್ನ್ ಕೊಡಬೇಕು. ಅವನು ಅಂಚಿಗೆ ಸರಿಯುತ್ತಲೇ ಮೊಳದ ಅಂತರದಲ್ಲಿ ದಾಟಿ, ಅವನ ಮೂಗಿನ ಮುಂದೆಯೇ ಬಸ್ಸನ್ನು ಸ್ಟಾಪಿಗೆ ಎಳೆದು ನಿಲ್ಲಿಸಬೇಕು. ಮುಟ್ಟಬಾರದು. ಮುಟ್ಟಿದವನು ಕೆಲಸ ಬಾರದ ಡ್ರೈವರ್. ಭಾವ ಯಾರನ್ನೂ ಮುಟ್ಟಿದವರಲ್ಲ. ಅದು ಅವರ ಹೆಮ್ಮೆ.

"ಬೇಕೂಂತಲೇ ಓಲಾಡ್ತಾರೆ ಕಣೆ. ನೆಟ್ಟಗೆ ಹೋಗೋಕೆ ಏನು ರೋಗ?"

"ಗುಂಡಿ ಇರುತ್ತೆ ಭಾವ."

"ಗುಂಡಿ ನನ್ನ ಚಕ್ರಕ್ಕೂ ಇರುತ್ತೆ. ನಾನು ಓಲಾಡ್ತೀನಾ?"

"ನಿಮ್ಮ ಚಕ್ರ ನನ್ನ ಎದೆ ಮಟ್ಟ ಇದೆ."

"ಅದನ್ನೇ ನಾನೂ ಹೇಳ್ತಿರೋದು. ದೊಡ್ಡದು ಬಂದಾಗ ಚಿಕ್ಕದು ಸರೀಬೇಕು. ಮನೇಲೂ ಅಷ್ಟೆ, ರೋಡಲ್ಲೂ ಅಷ್ಟೆ."

"ಮನೇಲಿ ಯಾವುದಪ್ಪ ದೊಡ್ಡದು?" ಅಕ್ಕ ಒಲೆಯ ಕಡೆಯಿಂದ ಕೇಳಿದಳು.

ಭಾವ ಊಟದ ಕಡೆ ಗಮನ ಕೊಟ್ಟರು.

ಒರೆಸಿಕೊಳ್ಳುವವರಿಗೆ ಇದು ಬೇರೆ ತರಹ ಇರುತ್ತದೆ. ಹಾರ್ನ್ ಕೇಳುವುದು ಕಿವಿಗಲ್ಲ, ಬೆನ್ನುಮೂಳೆಗೆ. ಬಸ್ಸಿನ ಮೂತಿ ದಾಟುವಾಗ ಗಾಳಿ ನಮ್ಮನ್ನು ಹೊರಕ್ಕೆ ತಳ್ಳುತ್ತದೆ. ಬಾಲ ದಾಟುವಾಗ ಅದೇ ಗಾಳಿ ಹಿಂದಿನ ಚಕ್ರದ ಕಡೆ ಎಳೆಯುತ್ತದೆ. ತಳ್ಳಿತೆಂದು ಬಸ್ಸಿನ ಕಡೆ ವಾಲಿದವರು ಎಳೆದಾಗ ಚಕ್ರದಡಿಗೆ ಹೋಗುತ್ತಾರೆ. ಹ್ಯಾಂಡಲ್ ಸಡಿಲ ಹಿಡಿದು, ಹಲ್ಲು ಕಚ್ಚಿಕೊಂಡು, ಅಷ್ಟುದ್ದದ ಬಸ್ಸು ಮುಗಿಯುವ ತನಕ ನೆಟ್ಟಗಿರಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಮಾಡಿದವರು ಸೈಕಲ್ ಹೊಡೆದಿರಲಿಕ್ಕಿಲ್ಲ, ಆದರೂ ಸರಿಯಾಗಿಯೇ ಹೇಳಿದ್ದಾರೆ.

ಒಂದು ಸಲ ನನ್ನನ್ನೂ ಒಂದು ಬಸ್ಸು ಒರೆಸಿತು. ಬೀಳಲಿಲ್ಲ, ಫುಟ್‌ಪಾತಿನ ಕಲ್ಲಿಗೆ ಒರಗಿ ನಿಂತೆ. ಪೆಟ್ಟಿಗೆ ಬಿತ್ತು. ಗಾಜುಗಳಿಗೆಲ್ಲ ಗೀರು ಬಿತ್ತು. ನಮ್ಮ ಯಜಮಾನರು ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಹಾಕ್ಕೊಂಡ್ರೆ ಗಿರಾಕಿಗೆ ಹೆಂಡ್ತಿ ಮುಖದ ಮೇಲೆ ಮೀಸೆ ಕಾಣುತ್ತೆ. ಮತ್ತೆ ಉಜ್ಜು," ಎಂದರು. ಭಾವನಿಗೆ ಹೇಳಿದೆ. ಅವರು ಕೆಂಡವಾದರು.

"ಯಾವ ಡಿಪೋ ಬಸ್ಸು ಅದು?"

"ನೋಡ್ಲಿಲ್ಲ. ನಿಮ್ಮದೇ ಇರಬಹುದು."

"ನಮ್ಮೋರು ಹಾಗೆ ಮಾಡಲ್ಲ. ಸಾಮಾನು ಚೆಲ್ಲೋ ಹಾಗೆ ಒರೆಸಿದ್ರೆ ಅದು ಒರೆಸೋದಲ್ಲ, ಗುಡಿಸೋದು."

ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. ಮನುಷ್ಯ ಕೆಟ್ಟವರಲ್ಲ. ಸೈಕಲ್ಲಿನ ಮೇಲೆ ಕೂತವನಿಗೆ ಏನಾಗುತ್ತದೆ ಎಂಬುದು ಮಾತ್ರ ತಲೆಗೆ ಹೋಗುತ್ತಿರಲಿಲ್ಲ.

ಆಮೇಲೆ ಭಾವನ ಬಸ್ಸಿನ ದೆಸೆಯಿಂದ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಂಚೆಯವರೊಬ್ಬರು ಚರಂಡಿಗೆ ಬಿದ್ದರು. ಎಡಗೈಯ ಎರಡು ಬೆರಳು ಮುರಿದವು. ಬಸ್ಸು ಅವರನ್ನು ಮುಟ್ಟಿರಲಿಲ್ಲ. ಭಾವ ಕನ್ನಡಿಯಲ್ಲಿ ಏನನ್ನೂ ನೋಡದೆ ಮುಂದೆ ಹೋಗಿದ್ದರು. ಅಂಚೆಯವರು ಚರಂಡಿಯಲ್ಲಿ ಕೂತೇ ಬಸ್ಸಿನ ನಂಬರನ್ನು ಓದಿಕೊಂಡರು. ಜೀವಮಾನವೆಲ್ಲ ವಿಳಾಸ ಓದಿದ ಕಣ್ಣು, ಒಂದಂಕಿಯೂ ತಪ್ಪಲಿಲ್ಲ.

ಡಿಪೋಗೆ ಹೋದ ದೂರು ಅದೊಂದೇ ಆಗಿರಲಿಲ್ಲ. ಆದರೆ ಆಗಷ್ಟೇ ಹೊಸದಾಗಿ ಒಬ್ಬರು ಟ್ರೈನಿಂಗ್ ಮೇಡಂ ಬಂದಿದ್ದರು. ಹಿಂದಿನವರು ದೂರು ಬಂದರೆ ಡ್ರೈವರನ್ನು ಕೂರಿಸಿ ಬುದ್ಧಿ ಹೇಳುತ್ತಿದ್ದರು, ಡ್ರೈವರ್ ತಲೆಯಾಡಿಸಿ ಟೀ ಕುಡಿದು ಬರುತ್ತಿದ್ದ. ಈಕೆ ಬುದ್ಧಿ ಹೇಳಲಿಲ್ಲ. ದೂರು ಬಂದ ಪ್ರತಿಯೊಬ್ಬ ಡ್ರೈವರೂ ಡಿಪೋ ಅಂಗಳದಲ್ಲಿ ಸೈಕಲ್ ಮೇಲೆ ಮೂರು ಸುತ್ತು ಹಾಕಬೇಕು, ಅವನ ಪಕ್ಕದಲ್ಲಿ ಇನ್ನೊಬ್ಬ ಡ್ರೈವರ್ ಬಸ್ಸು ದಾಟಿಸಬೇಕು ಎಂದರು. ಸುತ್ತು ಮುಗಿಸಿದವನಿಗೆ ಸ್ಟೀರಿಂಗು. ಮುಗಿಸದವನಿಗೆ ಬಸ್ಸು ತೊಳೆಯುವ ಶೆಡ್ಡಿನ ಪೈಪು. ಒಂದು ತಿಂಗಳು ಟೈಮು.

ಡಿಪೋದಲ್ಲಿ ಎಲ್ಲರೂ ನಕ್ಕರಂತೆ. ಭಾವನೂ ನಕ್ಕರಂತೆ. ಮನೆಗೆ ಬಂದವರು ಊಟ ಬೇಡ ಎಂದರು. ಅಕ್ಕ ಹಣೆ ಮುಟ್ಟಿ ನೋಡಿದಳು. ಬಿಸಿ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಮೆಟ್ಟಿಲಲ್ಲಿ ಸೈಕಲ್ ಇಳಿಸುತ್ತಿದ್ದಾಗ ಹಿಂದೆಯೇ ಬಂದರು.

"ಸೋಡಾಬುಡ್ಡಿ, ಒಂದು ವಿಷಯ. ನಗಬಾರದು."

"ನಗಲ್ಲ."

"ಆಣೆ?"

"ಭಾವ, ನಂಗೆ ಹೊತ್ತಾಗ್ತಿದೆ."

"ನಂಗೆ ಸೈಕಲ್ ಬರಲ್ಲ."

ನಾನು ನಕ್ಕೆ. ಮೆಟ್ಟಿಲ ಮೇಲೆ ಕೂತು ನಕ್ಕೆ. ಅವರು ಗೋಡೆ ನೋಡುತ್ತ ನಿಂತಿದ್ದರು. ಕಿವಿ ಕೆಂಪಾಗಿತ್ತು.

"ನಾವು ಐದು ಜನ ಗಂಡುಮಕ್ಕಳು. ಮನೇಲಿ ಇದ್ದಿದ್ದು ಒಂದು ಸೈಕಲ್. ನಾನು ಕೊನೆಯವನು. ಅದು ನನ್ನ ತನಕ ಬರೋ ಹೊತ್ತಿಗೆ ಗುಜರಿಗೆ ಹೋಗಿತ್ತು. ಆಮೇಲೆ ಲಾರಿ ಕ್ಲೀನರ್ ಆದೆ. ಲಾರಿ ಹತ್ತಿದ ಮೇಲೆ ಸೈಕಲ್ ಯಾರಿಗೆ ಬೇಕು?"

"ಈಗ ಬೇಕಾಯ್ತಲ್ಲ."

"ಪೈಪ್ ಹಿಡಿಸ್ತಾರೆ ಕಣೆ. ಆ ಜಿರಾಫೆ ಕಕ್ಕಿದ ಎಲೆ ಅಡಿಕೆ ಉಗುಳು ನಾನು ತೊಳೀಬೇಕಾ?" ಜಿರಾಫೆ ಎಂದರೆ ಅವರ ಜೊತೆಯ ಡ್ರೈವರ್, ಸ್ನೇಹಿತ, ಉದ್ದ ಕತ್ತಿನವನು. "ಹತ್ತೊಂಬತ್ತು ವರ್ಷ ಆ ಸೀಟಲ್ಲಿ ಕೂತಿದೀನಿ. ಆ ಸೀಟು ಬಿಟ್ರೆ ನಂಗೆ ಬೇರೆ ಏನು ಬರುತ್ತೆ ಹೇಳು?"

ಅದು ನಗುವ ಮಾತಾಗಿರಲಿಲ್ಲ. ಕಲಿಸುತ್ತೇನೆ ಎಂದೆ.

"ಅಕ್ಕಂಗೆ ಹೇಳ್ಬೇಡ."

"ರೇಸಲ್ಲಿ ಗೆದ್ದೋರಿಗೆ ಕಲಿಸ್ತಿದೀನಿ ಅಂತ ಹೇಗೆ ಹೇಳ್ಲಿ?"

ನಮ್ಮ ಬೀದಿಯ ಹಿಂದೆ ಒಂದು ಮುಚ್ಚಿದ ಗೋದಾಮಿತ್ತು. ಅದರ ಅಂಗಳ ಸಿಮೆಂಟಿನದು, ಅಗಲ, ಯಾರೂ ಬರದ ಜಾಗ. ಒಬ್ಬ ಮುದಿ ಕಾವಲುಗಾರ ಮಾತ್ರ ಫ್ಲಾಸ್ಕ್ ಇಟ್ಟುಕೊಂಡು ಗೇಟಿನ ಬಳಿ ಕೂತಿರುತ್ತಿದ್ದ. ಬೆಳಕು ಹರಿಯುತ್ತಲೇ ನಾವು ಅಲ್ಲಿಗೆ ಹೋದೆವು. ಸೀಟು ಇಳಿಸಿ ಭಾವನನ್ನು ಕೂರಿಸಿ, ನಾನು ಕ್ಯಾರಿಯರ್ ಹಿಡಿದುಕೊಂಡೆ. ಭಾವನ ತೂಕ ನನ್ನ ಎರಡರಷ್ಟಿದೆ.

"ಏನಮ್ಮಾ," ಕಾವಲುಗಾರ ಕೂಗಿದ, "ಆನೆಗೆ ಸರ್ಕಸ್ ಕಲಿಸ್ತಿದೀಯಾ?"

"ತಾತ, ನೀವು ಸುಮ್ನೆ ಟೀ ಕುಡೀರಿ."

"ಕುಡೀತೀನಮ್ಮ. ಟಿಕೆಟ್ ಇಲ್ದೆ ನೋಡೋಕೆ ಸಿಕ್ತಲ್ಲ."

ಕಲಿಯುವವರು ಮಾಮೂಲಾಗಿ ಮಾಡುವ ತಪ್ಪುಗಳನ್ನು ಭಾವ ಮಾಡಲಿಲ್ಲ. ಅವರು ಬಸ್ಸಿನ ತಪ್ಪುಗಳನ್ನು ಮಾಡಿದರು. ಎಡಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ಅಗಲವಾಗಿ ಹೋಗುವರು, ಹಿಂದೆ ಬಸ್ಸಿನ ಬಾಲ ಇದೆಯೆಂಬಂತೆ. ಇಲ್ಲದ ಕನ್ನಡಿಯನ್ನು ನೋಡಲು ಬಲಕ್ಕೆ ಕತ್ತು ಹೊರಳಿಸುವರು, ಕತ್ತು ಹೋದ ಕಡೆ ಸೈಕಲ್ ಹೋಗುವುದು. ನಿಲ್ಲಿಸುವಾಗ ಕಾಲು ಕೆಳಗಿಡಬೇಕು ಎಂಬುದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ಬಸ್ಸು ನಿಲ್ಲಿಸಿದರೆ ನಿಂತಿರುತ್ತದೆ. ಸೈಕಲ್ ನಿಲ್ಲಿಸಿದರೆ ಬೀಳುತ್ತದೆ. ಬ್ರೇಕ್ ಹಿಡಿದು ಸೀಟಿನ ಮೇಲೆ ಗಂಭೀರವಾಗಿ ಕೂತೇ ಇರುವರು, ಮರ ಕಡಿದಂತೆ ನಿಧಾನವಾಗಿ ಉರುಳುವರು.

"ಕಾಲು, ಭಾವ! ಕಾಲು!"

"ನೆಲ ಸರಿಯಿಲ್ಲ ಕಣೆ ಇಲ್ಲಿ."

"ಕುಣಿಯಕ್ಕೆ ಬಾರದೋಳು ಹಾಗೇ ಅಂದಿದ್ದು," ಎಂದ ಕಾವಲುಗಾರ.

ನಾಲ್ಕೈದು ದಿನದ ಮೇಲೆ ನಾನು ಹೇಳದೆಯೇ ಕ್ಯಾರಿಯರ್ ಬಿಟ್ಟೆ. ಭಾವ ಗೋದಾಮಿನ ಗೋಡೆಯ ತನಕ ಒಬ್ಬರೇ ಹೋದರು. ಅಲ್ಲಿ ಬಿದ್ದರು. ಎದ್ದು ಮೊಣಕೈ ನೋಡಿಕೊಂಡರು.

"ಸೋಡಾಬುಡ್ಡಿ, ಇದಕ್ಕೆ ಬಾಡಿನೇ ಇಲ್ವಲ್ಲೇ."

"ಯಾವುದಕ್ಕೆ?"

"ಸೈಕಲ್ಲಿಗೆ. ಸುತ್ತ ತಗಡಿಲ್ಲ, ಬಾಗಿಲಿಲ್ಲ, ಏನೂ ಇಲ್ಲ. ತಗುಲಿದ್ರೆ ನೇರ ನಂಗೇ ತಗಲುತ್ತೆ."

"ಹೌದು ಭಾವ. ಎಲ್ಲಾ ಸೈಕಲ್ಲೂ ಹಾಗೇ ಇರುತ್ತೆ."

ಅವರು ಇನ್ನೊಮ್ಮೆ ಮೊಣಕೈ ನೋಡಿಕೊಂಡರು. ಸೈಕಲ್ ಎತ್ತಿ ತಿರುಗಿಸಿದರು.

ಅಕ್ಕನಿಗೆ ಅನುಮಾನ ಬರದೆ ಇರಲು ಅವಳೇನು ಕುರುಡಿಯಲ್ಲ.

"ಮೊಣಕೈ ಏನಾಯ್ತು?"

"ಬಾತ್‌ರೂಮಲ್ಲಿ ಜಾರಿದೆ."

"ಪ್ಯಾಂಟಿಗೆ ಗ್ರೀಸ್ ಹತ್ತಿದೆಯಲ್ಲ, ಅದೂ ಬಾತ್‌ರೂಮಲ್ಲಾ?"

ಅವಳು ಕುಡಿತ ಎಂದುಕೊಂಡಿದ್ದಳು. ಮರುದಿನ ನಮ್ಮ ಹಿಂದೆಯೇ ಬಂದು ಗೋದಾಮಿನ ಗೇಟಿನಲ್ಲಿ ನಿಂತಳು. ನಾವು ನೋಡಲಿಲ್ಲ. ಕಾವಲುಗಾರ ಅವಳಿಗೆ ತನ್ನ ಸ್ಟೂಲು ಕೊಟ್ಟಿದ್ದ. ಭಾವ ಅಗಲವಾದ ಬಸ್ಸಿನ ತಿರುವು ತೆಗೆದುಕೊಂಡು ನೇರ ಅವಳ ಮುಂದೆ ಹೋಗಿ ಬ್ರೇಕ್ ಹಿಡಿದರು. ಸೀಟಿನ ಮೇಲೆ ಕೂತೇ ಇದ್ದರು. ಉರುಳಿದರು.

"ರೇಸಲ್ಲಿ ಗೆದ್ದಿದ್ದೆ ಅಂದಿದ್ರಲ್ಲ?"

ಭಾವ ನೆಲದಿಂದಲೇ ಹೇಳಿದರು, "ರೇಸ್ ನೋಡೋಕೆ ಹೋಗಿದ್ದೆ."

ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಕ್ಕು ಮುಗಿದ ಮೇಲೆ ವಿಷಯವೇನೆಂದು ಕೇಳಿದಳು. ನಾನು ಹೇಳಿದೆ. ಅವಳು ಚಪ್ಪಲಿ ಬಿಟ್ಟು, ಸೈಕಲ್ ಕಸಿದುಕೊಂಡು, ಅಂಗಳಕ್ಕೆ ಒಂದು ಸುತ್ತು ಹೊಡೆದು ಬಂದಳು. ಒಂದು ಕೈ ಬಿಟ್ಟು.

"ನಿಲ್ಲಿಸೋ ಮುಂಚೆ ಎಡಗಾಲು ತಯಾರಿಟ್ಕೊಳ್ಳಿ. ಇಲ್ಲಿ ಕಂಡಕ್ಟರ್ ಬಂದು ನಿಮ್ಮನ್ನ ಹಿಡ್ಕೊಳಲ್ಲ," ಎಂದಳು. ಅವತ್ತಿನಿಂದ ಭಾವನಿಗೆ ಇಬ್ಬರು ಮೇಷ್ಟ್ರುಗಳು. ಸುಖವಾಗಿದ್ದೆವು. ಅಕ್ಕ ಭಾವ ಒಟ್ಟಿಗೆ ಬೆಳಿಗ್ಗೆ ಹೊರಗೆ ಬಂದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಪರೀಕ್ಷೆಯ ದಿನ ನಾನು ಅರ್ಧ ದಿನ ರಜೆ ಹಾಕಿ ನನ್ನ ಸೈಕಲ್ಲನ್ನು ಡಿಪೋಗೆ ಒಯ್ದೆ. ಭಾವನಿಗೆ ಬೇರೆ ಸೈಕಲ್ ಬೇಡವಾಗಿತ್ತು. ಅಂಗಳದಲ್ಲಿ ಸುಣ್ಣದಿಂದ ದೊಡ್ಡ ಸುತ್ತು ಬಳಿದಿದ್ದರು. ಟೀ ಅಂಗಡಿಯವನೂ ಸೇರಿ ಡಿಪೋವೆಲ್ಲ ಅಲ್ಲಿತ್ತು. ಮೇಡಂ ದೂರು ಕೊಟ್ಟವರನ್ನೂ ಕರೆಸಿದ್ದರು. ಬಂದಿದ್ದವರು ಅಂಚೆಯವರೊಬ್ಬರೇ. ಬೆರಳುಗಳು ಕೂಡಿದ್ದವು, ಆದರೆ ಪೂರ್ತಿ ಮಡಚಲು ಬರುತ್ತಿರಲಿಲ್ಲ. ತಮ್ಮ ಸೈಕಲ್ಲಿಗೆ ಒರಗಿ ನಿಂತಿದ್ದರು. ಭಾವ ಅವರ ಕಡೆ ನೋಡಲಿಲ್ಲ.

ಭಾವನ ಸರದಿಗೆ ಬಸ್ಸು ಓಡಿಸಲು ಹತ್ತಿದವನು ಜಿರಾಫೆ.

"ಹೇಗೆ ಬೇಕು ಗುರುವೇ? ಒರೆಸಲಾ, ಗುಡಿಸಲಾ?"

"ಮುಚ್ಕೊಂಡು ಓಡಿಸು," ಎಂದರು ಭಾವ.

ಮೊದಲ ಸುತ್ತಿನಲ್ಲಿ ಬಸ್ಸು ಹಿಂದಿನಿಂದ ಬಂತು. ಜಿರಾಫೆ ನಿಜವಾಗಿಯೂ ಒರೆಸಿದ. ಉದ್ದ ಹಾರ್ನ್, ಮೊಳದ ಅಂತರ. ಹಾರ್ನ್ ಆದಾಗ ಭಾವನ ಭುಜಗಳು ಕಿವಿಯ ತನಕ ಹೋದವು. ಮುಖ ಸುಣ್ಣದ ಗೆರೆಯಂತಾಯಿತು. ಗಾಳಿ ತಳ್ಳಿತು, ಎಳೆಯಿತು. ಅವರು ವಾಲಲಿಲ್ಲ. ಬಸ್ಸು ದಾಟಿದ ಮೇಲೂ ಬಹಳ ಹೊತ್ತು ಹ್ಯಾಂಡಲನ್ನೇ ನೋಡುತ್ತ ತುಳಿದರು. ಯಾರೂ ಸಿಳ್ಳೆ ಹಾಕಲಿಲ್ಲ.

ಎರಡನೆಯ ಸುತ್ತಿನಲ್ಲಿ ಬಸ್ಸು ಎದುರಿನಿಂದ ಬರಬೇಕಿತ್ತು. ಇದು ಸುಲಭದ್ದು. ಕಣ್ಣಿಗೆ ಕಾಣುತ್ತದೆ, ಅಂತರವೂ ಜಾಸ್ತಿ. ಭಾವನ ಮುಖಕ್ಕೆ ಬಣ್ಣ ಮರಳಿತ್ತು. ನಾನು ಅಕ್ಕನಿಗೆ ಏನು ಹೇಳಬೇಕೆಂದು ಆಗಲೇ ಯೋಚಿಸುತ್ತಿದ್ದೆ.

ಒಂದೇ ಡಿಪೋದ ಎರಡು ಬಸ್ಸುಗಳು ಎದುರುಬದುರು ಹಾಯುವಾಗ ಡ್ರೈವರುಗಳು ಬಲಗೈ ಎತ್ತುತ್ತಾರೆ. ಜಗಳವಾಗಿ ಮಾತು ಬಿಟ್ಟಿದ್ದರೂ ಎತ್ತುತ್ತಾರೆ. ಎತ್ತದವನಿಗೆ ಕೊಬ್ಬು ಎಂದು ಹೆಸರು ಬರುತ್ತದೆ. ದಿನಕ್ಕೆ ಎಷ್ಟೋ ಸಲ, ವರ್ಷಗಟ್ಟಲೆ, ಕೈ ತಾನಾಗಿ ಏಳುತ್ತದೆ. ತಲೆಯನ್ನು ಕೇಳಿ ಏಳುವುದಿಲ್ಲ.

ಬಸ್ಸು ಎದುರು ಬಂತು. ಕಿಟಕಿಯಲ್ಲಿ ಜಿರಾಫೆ ಕೈ ಎತ್ತಿದ. ಅವನೂ ಬೇಕೆಂದು ಎತ್ತಿದ್ದಲ್ಲ. ಸೈಕಲ್ಲಿನ ಮೇಲೆ ಭಾವ, ಡ್ರೈವರ್ ಗತ್ತಿನಲ್ಲಿ, ಬಲಗೈ ಎತ್ತಿದರು.

ಹ್ಯಾಂಡಲ್ ಎಡಕ್ಕೆ ಸೆಳೆಯಿತು. ಮುಂದಿನ ಚಕ್ರ ಶೆಡ್ಡಿನ ನೀರು ಹರಿಯುವ ಕಾಲುವೆಗೆ ಇಳಿದು ಸಿಕ್ಕಿಕೊಂಡಿತು. ಭಾವ ಮಾತ್ರ ಮುಂದೆ ಹೋದರು. ಕೈ ಇನ್ನೂ ಮೇಲೆಯೇ ಇತ್ತು.

ಜಿರಾಫೆ ಬ್ರೇಕ್ ಹಾಕಿದ ಸದ್ದು ಕೇಳಿತು. ನಾನು ಓಡಿದೆ. ಭಾವ ಎದ್ದು ಕೂತಿದ್ದರು. ಬಾಯಿಂದ ರಕ್ತ ಬರುತ್ತಿತ್ತು. ಅಂಗೈಯಲ್ಲಿ ಏನನ್ನೋ ಹಿಡಿದು ನೋಡುತ್ತಿದ್ದರು. ಹಲ್ಲು.

"ಮೀಸೆ ಮಣ್ಣಾಯ್ತಾ ಗುರುವೇ?" ಜಿರಾಫೆ ಕಿಟಕಿಯಿಂದ ಕೂಗಿದ. ಇಳಿದು ಬರಲು ಮಾತ್ರ ಅವನಿಗೆ ಧೈರ್ಯವಾಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಭಾವನೂ ನಗಲು ಹೋಗಿ ಕೆಮ್ಮಿದರು.

ಮೇಡಂ ಬಂದು ನೋಡಿದರು. ನಗಲಿಲ್ಲ.

"ಎರಡು ಸುತ್ತಾಗಿದೆ. ಸಾಕು ಅನ್ಸುತ್ತೆ. ಆಸ್ಪತ್ರೆಗೆ ಹೋಗಿ."

"ಎರಡನೇದು ಮುಗಿದಿಲ್ಲ ಮೇಡಂ," ಎಂದರು ಭಾವ. ಹಲ್ಲಿನ ಸಂದಿಯಿಂದ ಮಾತೆಲ್ಲ ಸುಯ್ಯೆಂದು ಬರುತ್ತಿತ್ತು. "ಹೀಗೇ ಹೋದ್ರೆ, ಬಿದ್ದು ಪಾಸಾದ ಅಂತಾರೆ. ಸೀಟಲ್ಲಿ ಕೂತಾಗೆಲ್ಲ ಅಂತಾರೆ."

ಆದರೆ ನನ್ನ ಸೈಕಲ್ಲಿನ ಮುಂದಿನ ಚಕ್ರ ಎಂಟರ ಅಂಕಿಯಂತೆ ತಿರುಚಿಕೊಂಡಿತ್ತು. ಸುತ್ತ ಸೈಕಲ್ ಇದ್ದವರು ಒಬ್ಬರೇ. ಅಂಚೆಯವರು ತಮ್ಮದನ್ನು ತಳ್ಳಿಕೊಂಡು ಬಂದರು.

"ತಗೊಳ್ಳಿ. ಮುರೀಬೇಡಿ, ನಾನೇ ತುಂಬಿಕೊಡಬೇಕಾಗುತ್ತೆ. ಆಫೀಸಿನದು."

ಭಾವ ಆಗ ಮೊದಲ ಸಲ ಅವರನ್ನು ನೋಡಿದರು. ಮುಖವನ್ನಲ್ಲ, ಮಡಚಲಾಗದ ಬೆರಳುಗಳನ್ನು.

"ಅವತ್ತು... ಇಷ್ಟೇ ದೂರ ಇತ್ತಾ? ಮೊದಲ ಸುತ್ತಲ್ಲಿ ಇವನು ದಾಟಿಸಿದಷ್ಟು?"

"ಇಲ್ಲಪ್ಪ." ಅಂಚೆಯವರು ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದರು. ನಡುವೆ ಒಂದು ಪಾರ್ಸೆಲ್ ಹಿಡಿಸುವಷ್ಟು ಜಾಗವಿತ್ತು, ಅದೂ ಸಣ್ಣದು.

"ಅಷ್ಟೇನಾ?"

"ಅಷ್ಟೇ."

ಭಾವ ಅಂಗಿಯ ತೋಳಿನಲ್ಲಿ ಬಾಯಿ ಒರೆಸಿಕೊಂಡರು. "ತಪ್ಪಾಯ್ತು," ಎಂದರು. ಹಲ್ಲು ಹೋದ ಬಾಯಲ್ಲಿ ಅದು ಚಿಕ್ಕ ಮಗು ಹೇಳಿದಂತೆ ಕೇಳಿಸಿತು.

"ಅದನ್ನ ಆಮೇಲೆ ಮಾತಾಡೋಣ. ಮೊದಲು ಹೊಡೀರಿ. ಬ್ರೇಕು ಸ್ವಲ್ಪ ಬಿಗಿ ಇದೆ," ಎಂದರು ಅಂಚೆಯವರು.

ಭಾವ ಎರಡನೆಯದನ್ನು ಮೊದಲಿನಿಂದ ಹೊಡೆದರು. ಎದುರು ಹಾಯುವಾಗ ಜಿರಾಫೆ ಎರಡೂ ಕೈಗಳಿಂದ ಸ್ಟೀರಿಂಗನ್ನು ಬಿಗಿಯಾಗಿ ಅಪ್ಪಿಕೊಂಡಿದ್ದ. ಮೂರನೆಯದರಲ್ಲಿ ಮತ್ತೆ ಹಿಂದಿನಿಂದ ಬಂತು ಬಸ್ಸು. ಈ ಸಲ ಹಾರ್ನ್ ಆಗಲಿಲ್ಲ. ಒಂದಾಳು ಮಲಗುವಷ್ಟು ಜಾಗ ಬಿಟ್ಟು ನಿಧಾನ ದಾಟಿತು. ಭಾವ ಸುಣ್ಣದ ಗೆರೆಯ ಬಳಿ ಬಂದು, ಬ್ರೇಕ್ ಹಿಡಿದು, ಎಡಗಾಲು ಕೆಳಗಿಟ್ಟು ನಿಂತರು.

ಅವರೇನು ಸಂತರಾಗಲಿಲ್ಲ. ಈಗಲೂ ಸೊಳ್ಳೆ ಎಂದೇ ಕರೆಯುತ್ತಾರೆ. ಸಿಗ್ನಲ್ಲಿನಲ್ಲಿ ಅಡ್ಡ ಬಂದವರಿಗೆ ಬೈಯುತ್ತಾರೆ. ಆದರೆ ಸೈಕಲ್ಲೊಂದು ಮುಂದಿದ್ದರೆ ಅದರ ಹಿಂದೆಯೇ ತಾಳ್ಮೆಯಿಂದ ಉರುಳಿಕೊಂಡು ಹೋಗುತ್ತಾರೆ. ಅಕ್ಕಪಕ್ಕದಲ್ಲಿ ಜಾಗ ಸಿಗುವ ತನಕ ದಾಟುವುದಿಲ್ಲ. ನಾನು ಒಂದು ಸಂಜೆ ಆ ಬಸ್ಸಿನಲ್ಲಿ ಕೂತಿದ್ದೆ. ಹಿಂದಿನ ಸೀಟಿನವರೊಬ್ಬರು ಕೂಗಿದರು: "ಏನ್ರೀ ಡ್ರೈವರ್, ಬಸ್ಸು ಓಡಿಸ್ತಿದೀರಾ, ದನ ಕಾಯ್ತಿದೀರಾ?"

"ಇಳಿದು ನಡೀರಿ ಸ್ವಾಮಿ, ಕಾಲಿಗೆ ಒಳ್ಳೇದು," ಎಂದರು ಭಾವ. ಕನ್ನಡಿಯಲ್ಲಿ ನನ್ನನ್ನು ನೋಡಿ ಸಂದಿ ಬಿದ್ದ ಹಲ್ಲು ತೋರಿಸಿ ನಕ್ಕರು. ಮುಂದೆ ಒಬ್ಬ ಹೆಂಗಸು ಬುಟ್ಟಿ ಕಟ್ಟಿಕೊಂಡು, ಗುಂಡಿ ತಪ್ಪಿಸುತ್ತ, ತನ್ನ ಪಾಡಿಗೆ ಓಲಾಡಿಕೊಂಡು ಹೋಗುತ್ತಿದ್ದಳು.

ಒಟ್ಟು ಹೋದದ್ದು ಭಾವನ ಒಂದು ಹಲ್ಲು, ನನ್ನ ಸೈಕಲ್ಲಿನ ಒಂದು ಚಕ್ರ, ಮತ್ತು ಪ್ರತಿ ಟ್ರಿಪ್ಪಿಗೆ ಆರು ನಿಮಿಷ.